ಹತ್ತನೆಯ ದಿನದ ಪ್ರಶ್ನೆ: ಇಸ್ರೇಲಿಗೆ ಮರಳಬೇಕೇ ಎಂದು ಕೇಳಿದ ಒಂದು ಕುಟುಂಬ

2023ರ ಅಕ್ಟೋಬರ್ 9, ಸೋಮವಾರ ಸಂಜೆ. ಗುಡುಗು ಮಳೆ ಬಂದು ಕರೆಂಟು ಹೋಗಿತ್ತು. ಜಗಲಿಯಲ್ಲಿ ಮೇಣದ ಬತ್ತಿ ಹಚ್ಚಿಟ್ಟು ಕೂತಿದ್ದೆ. ಗೇಟಿನ ಹತ್ತಿರ ಸ್ಕೂಟರ್ ನಿಂತಿತು. ಗಂಡ ಹೆಂಡತಿ ಇಬ್ಬರೂ ಪೂರ್ತಿ ನೆನೆದಿದ್ದರು. ಆಕೆ ಕೂರುವ ಮೊದಲೇ ಕೇಳಿದರು: "ಅಯ್ಯನವರೇ, ನಾನು ಹೋಗ್ಬೇಕಾ, ಬೇಡ್ವಾ? ದೇವರು ಎಂತ ಹೇಳ್ತಾರೆ?"

ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯ ಆಸುಪಾಸಿನ ಒಂದು ಕ್ರೈಸ್ತ ಸಭೆಯಲ್ಲಿ ನಾನು ಸಭಾಪಾಲಕನಾಗಿದ್ದಾಗ ನಡೆದ ಸಂಗತಿ ಇದು. ಕುಟುಂಬದವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಹೆಸರು ಬಿಟ್ಟು, ಒಂದೆರಡು ವಿವರ ಬದಲಿಸಿದ್ದೇನೆ. ದಾರಿ ಕಾಣದ ಹೊತ್ತಿನಲ್ಲಿ ದೇವರ ಚಿತ್ತ ಯಾವುದೆಂದು ಕೇಳಿಕೊಂಡು ಬರುವವರಿಗೆ ನಾವು, ಅಂದರೆ ಸಭಾಪಾಲಕರು, ಹಿರಿಯರು, ಪ್ರಾರ್ಥನಾ ಕೂಟದವರು, ಅವಸರದಲ್ಲಿ ಕೊಡುವ ಉತ್ತರಗಳು ಎಷ್ಟು ನೋಯಿಸುತ್ತವೆ ಎಂಬುದನ್ನು ಆ ಎರಡು ವಾರಗಳಲ್ಲಿ ಹತ್ತಿರದಿಂದ ಕಂಡೆ. ನನ್ನಿಂದಲೇ ಆದ ಒಂದು ತಪ್ಪೂ ಇದರಲ್ಲಿದೆ. ಅದನ್ನು ಬಿಟ್ಟು ಬರೆದರೆ ಈ ಪ್ರಕರಣ ಅರ್ಧವೇ ಆಗುತ್ತದೆ.

ಮನೆಯ ಪರಿಸ್ಥಿತಿ

ಆಕೆಗೆ ಆಗ ನಲವತ್ತೊಂದು ವರ್ಷ. ಇಲ್ಲಿ ಹೋಮ್ ನರ್ಸ್ ಕೆಲಸ ಮಾಡಿ ಅನುಭವವಿತ್ತು. 2020ರ ಫೆಬ್ರವರಿಯಲ್ಲಿ, ಕೋವಿಡ್‌ನಿಂದ ಎಲ್ಲ ಮುಚ್ಚುವ ಒಂದು ತಿಂಗಳ ಮೊದಲು, ಇಸ್ರೇಲಿಗೆ ಹೋದರು. ಉಡುಪಿ, ದಕ್ಷಿಣ ಕನ್ನಡದಲ್ಲಿ "ಅವರು ಇಸ್ರೇಲಿನಲ್ಲಿದ್ದಾರೆ" ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ವಯಸ್ಸಾದವರನ್ನೂ ಹಾಸಿಗೆ ಹಿಡಿದವರನ್ನೂ ಅವರವರ ಮನೆಯಲ್ಲೇ ಇದ್ದು ನೋಡಿಕೊಳ್ಳುವ ಕೆಲಸ ಎಂದು ಎಲ್ಲರಿಗೂ ಗೊತ್ತು. ಆಕೆ ನೋಡಿಕೊಳ್ಳುತ್ತಿದ್ದುದು ಎಂಬತ್ತು ದಾಟಿದ ಒಬ್ಬ ಅಜ್ಜಿಯನ್ನು. ಟೆಲ್ ಅವೀವ್ ಪಕ್ಕದ ಊರು, ಹಳೆಯ ಕಟ್ಟಡ, ಮೂರನೆಯ ಮಹಡಿ. ಅಜ್ಜಿಯನ್ನು ಆಕೆ ಅಲ್ಲಿಯ ಮಾತಿನಲ್ಲೇ "ಸಾವ್ತಾ" ಅನ್ನುತ್ತಿದ್ದರು. ಅಜ್ಜಿ ಎಂದೇ ಅರ್ಥ.

ಗಂಡ ಮಲ್ಪೆ ಬಂದರಿನಲ್ಲಿ ಬೋಟುಗಳ ಇಂಜಿನ್ ರಿಪೇರಿ ಮಾಡುವವರು. ಮೀನುಗಾರಿಕೆಗೆ ರಜೆ ಬೀಳುವ ಮಳೆಗಾಲದಲ್ಲಿ ಕೈಗೆ ಕೆಲಸ ಉಂಟು, ಉಳಿದ ತಿಂಗಳು ಬಂದರೆ ಬಂತು. ಹಳೆಯ ಹಂಚಿನ ಮನೆ ಕೆಡವಿ ಕಟ್ಟಿದ ಹೊಸ ಮನೆಯ ಮೇಲೆ ಸಹಕಾರ ಸಂಘದ ಸಾಲ ಇನ್ನೂ ಆರು ಲಕ್ಷ ಬಾಕಿ. ಹದಿನೈದರ ಮಗ, ಹತ್ತರ ಮಗಳು, ಗಂಡನ ತಾಯಿ. ಮಗನ ದೃಢೀಕರಣಕ್ಕೆಂದು, ಅಂದರೆ ಅವನನ್ನು ಸಭೆಯ ಪೂರ್ಣ ಸದಸ್ಯನಾಗಿ ಸೇರಿಸಿಕೊಳ್ಳುವ ಆರಾಧನೆಗೆಂದು, ಸೆಪ್ಟೆಂಬರಿನಲ್ಲಿ ಆಕೆ ರಜೆ ಹಾಕಿ ಬಂದಿದ್ದರು. ಮರಳುವ ಟಿಕೆಟು ಅಕ್ಟೋಬರ್ 14ಕ್ಕೆ.

ಅಕ್ಟೋಬರ್ 7ರ ಶನಿವಾರ ಹಮಾಸ್ ದಾಳಿ ನಡೆಯಿತು. ಏರ್ ಇಂಡಿಯಾ ತನ್ನ ಟೆಲ್ ಅವೀವ್ ವಿಮಾನಗಳನ್ನು ನಿಲ್ಲಿಸಿತು. ಅಲ್ಲಿದ್ದ ಭಾರತೀಯರನ್ನು ಕರೆತರಲು ಸರಕಾರ "ಆಪರೇಷನ್ ಅಜಯ್" ಶುರುಮಾಡಿದ್ದು ಅದೇ ವಾರ. ಊರಿಗೆ ಊರೇ ಅಲ್ಲಿಂದ ಜನ ಬರುವುದನ್ನು ಕಾಯುತ್ತಿರುವಾಗ ಈ ಒಂದು ಮನೆಯಲ್ಲಿ ಅಲ್ಲಿಗೆ ಹೋಗುವ ಮಾತು.

ಹೋಗುವ ಮಾತು ಯಾಕೆ ಬಂತೆಂದರೆ, ಈ ಕೆಲಸದ ವೀಸಾಕ್ಕೆ ಅಲ್ಲಿ 63 ತಿಂಗಳ ಮಿತಿಯಿದೆ. ಆಮೇಲೆ ಉಳಿಯಬೇಕಾದರೆ ನೋಡಿಕೊಳ್ಳುತ್ತಿರುವ ಅದೇ ವ್ಯಕ್ತಿಯ ಜತೆ ಮುಂದುವರಿಯುವುದೊಂದೇ ಮುಖ್ಯ ದಾರಿ. ಈಗ ಹೋಗದೆ ಕೂತು, ಆ ಅಜ್ಜಿಗೆ ಬೇರೆಯವರು ಸಿಕ್ಕಿಬಿಟ್ಟರೆ ಆಕೆಯ ಮಟ್ಟಿಗೆ ಬಾಗಿಲು ಮುಚ್ಚಿದ ಹಾಗೆಯೇ. ಅಲ್ಲಿ ತಿಂಗಳಿಗೆ ಕೈಗೆ ಬರುತ್ತಿದ್ದುದು ಲಕ್ಷ ರೂಪಾಯಿಗಿಂತ ಮೇಲೆ. ಇಲ್ಲಿ ಅದೇ ಕೆಲಸಕ್ಕೆ ಹದಿನೈದು ಸಾವಿರ ಸಿಕ್ಕರೆ ಪುಣ್ಯ ಎಂಬುದು ಆಕೆಯದೇ ಲೆಕ್ಕ.

ಎರಡು ದಿನದಲ್ಲಿ ಬಂದ ಐದು ಉತ್ತರ

ನನ್ನ ಹತ್ತಿರ ಬರುವ ಮೊದಲೇ ಎರಡು ದಿನದಲ್ಲಿ ಆಕೆಗೆ "ದೇವರ ಉತ್ತರ" ಐದು ಸಲ ಸಿಕ್ಕಿತ್ತು. ಆಕೆ ಬೆರಳು ಮಡಚಿ ಎಣಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಫೋನಿನಲ್ಲಿ ಪ್ರಾರ್ಥನೆ ಮಾಡಿಸುವ ಒಬ್ಬ ಬೋಧಕರು ಹೇಳಿದ್ದು: ನಿನ್ನ ಮೇಲೆ ಕಪ್ಪು ನೆರಳು ಕಾಣುತ್ತದೆ, ಹೋಗಬೇಡ. ಇನ್ನೊಬ್ಬರು ಹೇಳಿದ್ದು: ಇಸ್ರೇಲು ದೇವರು ಆರಿಸಿಕೊಂಡ ನಾಡು, ಅಲ್ಲಿ ನಿನ್ನ ಕೂದಲೂ ಕೊಂಕದು, ಧೈರ್ಯವಾಗಿ ಹೋಗು. ಇಬ್ಬರೂ ಕಾಣಿಕೆಗೆ ನಂಬರು ಕಳಿಸಿದ್ದರು. ರಾತ್ರಿ ಆಕೆಯೇ ಕಣ್ಣು ಮುಚ್ಚಿ ಸತ್ಯವೇದ (ಬೈಬಲ್) ತೆರೆದು ಬೆರಳಿಟ್ಟರೆ ಸಿಕ್ಕಿದ್ದು ಆದಿಕಾಂಡ 12. ಅಬ್ರಾಮನಿಗೆ ಸ್ವಂತ ನಾಡು ಬಿಟ್ಟು ಹೊರಡು ಎಂದು ದೇವರು ಹೇಳಿದ ಭಾಗ. ಮರುರಾತ್ರಿ ಹಾಗೆಯೇ ತೆರೆದರೆ ಯೆರೆಮೀಯ 42. ಐಗುಪ್ತಕ್ಕೆ (ಈಜಿಪ್ಟಿಗೆ) ಹೋಗಬೇಡಿರಿ, ಹೋದರೆ ಅಲ್ಲಿ ಕತ್ತಿಗೆ ಬೀಳುವಿರಿ ಎಂಬ ಭಾಗ. ಐದನೆಯದು, ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಅವರ ಮನೆಗೆಂದು ಬಂದಿದ್ದ ವಾಗ್ದಾನದ ಕಾರ್ಡು. ಯೆರೆಮೀಯ 29:11. ಹಿತದ ಯೋಚನೆಗಳು, ಅಹಿತದವಲ್ಲ ಎಂಬ ಮಾತು. ಫ್ರಿಜ್ಜಿನ ಬಾಗಿಲಿಗೆ ಹತ್ತು ತಿಂಗಳಿಂದ ಅಂಟಿಕೊಂಡಿತ್ತು.

"ಎರಡು ಹೋಗು, ಎರಡು ಬೇಡ, ಒಂದು ಎರಡೂ ಅಲ್ಲ. ಇನ್ನು ನೀವು ಹೇಳಿದ್ದೇ ಕೊನೆ" ಅಂದರು.

ಗಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ನೀವು ಒಂದು ಮಾತು ಹೇಳಿಬಿಡಿ ಅಯ್ಯನವರೇ. ಅದೇ ದೇವರ ಮಾತು ಅಂತ ತಿಳ್ಕೊಳ್ತೇವೆ. ಆಮೇಲೆ ಎಂತ ಆದ್ರೂ ನಿಮ್ಮನ್ನು ಕೇಳುದಿಲ್ಲ."

ಈ ಮಾತಿನ ತೂಕ ಹೊರಗಿನವರಿಗೆ ತಿಳಿಯುವುದು ಕಷ್ಟ. ತುಳುನಾಡು ಕೇಳಿ ಉತ್ತರ ಪಡೆಯುವ ನಾಡು. ಮನೆಯಲ್ಲಿ ಕಷ್ಟ ಬಂದರೆ ಪ್ರಶ್ನೆ ಇಡಿಸುತ್ತಾರೆ, ದೈವ ಮೈಮೇಲೆ ಬಂದ ಪಾತ್ರಿಯ ಮುಂದೆ ನಿಂತು ನುಡಿ ಕೇಳುತ್ತಾರೆ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದ ನಮ್ಮ ಮನೆತನಗಳೂ ಈ ಮಣ್ಣಿನವೇ. ಭಯದಲ್ಲಿರುವ ಮನುಷ್ಯ ಒಂದು ಖಚಿತವಾದ ನುಡಿಗೆ ಹಾತೊರೆಯುವುದನ್ನು ನಾನು ಹಗುರವಾಗಿ ಕಾಣಲಾರೆ. ನಮಗೆ ಸುವಾರ್ತೆ ತಂದವರ ಪರಂಪರೆಯಲ್ಲೂ ಇಂಥದು ಇಲ್ಲದಿರಲಿಲ್ಲ. ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ವಿಶ್ವಾಸಿಗಳು ಚೀಟಿ ಎತ್ತಿ ದಿನಕ್ಕೊಂದು ವಚನ ಆರಿಸಿದ ಪುಸ್ತಕ 1731ರಿಂದ ಇವತ್ತಿನವರೆಗೆ ಪ್ರತಿ ವರ್ಷ ಅಚ್ಚಾಗುತ್ತ ಬಂದಿದೆ. ಆದರೆ ಆ ವಚನ ಇರುವುದು ದಿನವಿಡೀ ಮನಸ್ಸಿನಲ್ಲಿ ಇಟ್ಟುಕೊಂಡು ಧ್ಯಾನಿಸಲಿಕ್ಕೆ. ವಿಮಾನ ಹತ್ತಬೇಕೋ ಬೇಡವೋ ಎಂದು ತೀರ್ಮಾನಿಸಲಿಕ್ಕಲ್ಲ.

ಆ ಕ್ಷಣಕ್ಕೆ ನನಗೆ ಆಸೆಯಾಯಿತು ಎಂಬುದನ್ನು ಹೇಳಲೇಬೇಕು. "ಹೋಗಬೇಡಮ್ಮ" ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಟಿವಿಯಲ್ಲಿ ಕಂಡದ್ದನ್ನು ಕಂಡವರು ಯಾರು ತಾನೇ ಹೋಗು ಅಂದಾರು? ಹೇಳಿದ್ದರೆ ಅವರು ಹಗುರಾಗಿ ಮನೆಗೆ ಹೋಗುತ್ತಿದ್ದರು, ನಾನೂ ಒಳ್ಳೆಯ ನಿದ್ದೆ ಮಾಡುತ್ತಿದ್ದೆ. ಆದರೆ ಅದು ನನ್ನ ಭಯದ ಮಾತು. ಅದಕ್ಕೆ ದೇವರ ಹೆಸರಿನ ಮೊಹರು ಒತ್ತುವ ಅಧಿಕಾರ ನನಗಿಲ್ಲ. ನಾನು ಹೇಳಿದ್ದು ಇಷ್ಟು: "ನಾನು ನುಡಿ ಕೊಡುವ ಪಾತ್ರಿಯಲ್ಲ. ನಿಮ್ಮ ಜತೆ ಕೂತು ಕೇಳಿಸಿಕೊಳ್ಳುವವ. ಬುಧವಾರ ಬನ್ನಿ. ಅಲ್ಲಿಯವರೆಗೆ ಯಾರಿಗೂ ಹಣ ಕಳಿಸಬೇಡಿ, ಯಾರಿಗೂ ಮಾತು ಕೊಡಬೇಡಿ."

ಗಂಡನಿಗೆ ಸಿಟ್ಟು ಬಂತು. ಚಹಾ ಕುಡಿಯದೆ ಎದ್ದರು.

ಆಕೆ ತೆರೆದ ಪುಟದಲ್ಲೇ ಇದ್ದದ್ದು

ಬುಧವಾರ ಇಬ್ಬರೂ ಬಂದರು. ಬೆರಳಿಟ್ಟಾಗ ಸಿಕ್ಕಿದ ಯೆರೆಮೀಯ 42ನ್ನೇ ಮೊದಲ ವಚನದಿಂದ ಓದೋಣ ಅಂದೆ. ಆಕೆ ಓದಿದ್ದು ನಡುವಿನ ಒಂದೇ ವಚನ. ಇಡೀ ಕಥೆ ಬೇರೆಯೇ ಇದೆ.

ಯೆರೂಸಲೇಮು ಬಾಬೆಲಿನವರ (ಬ್ಯಾಬಿಲೋನಿನವರ) ಕೈಗೆ ಬಿದ್ದಾಗಿದೆ. ಊರು ಸುಟ್ಟಿದೆ. ಉಳಿದ ಸ್ವಲ್ಪ ಜನ ಐಗುಪ್ತಕ್ಕೆ ಓಡಿಹೋಗುವುದೋ ಇಲ್ಲೇ ಇರುವುದೋ ಎಂದು ತಿಳಿಯದೆ ಪ್ರವಾದಿಯ ಬಳಿಗೆ ಬರುತ್ತಾರೆ. ನಾವು ನಡೆಯಬೇಕಾದ ದಾರಿ ಯಾವುದು, ಮಾಡಬೇಕಾದ ಕೆಲಸ ಯಾವುದು ಎಂದು ದೇವರನ್ನು ಕೇಳಿ ಹೇಳು, ಒಳ್ಳೆಯದಿರಲಿ ಕೆಟ್ಟದಿರಲಿ ಕೇಳುತ್ತೇವೆ ಎಂದು ಆಣೆಯಿಟ್ಟು ಹೇಳುತ್ತಾರೆ. ಯೆರೆಮೀಯ ಆಗಲಿ ಅನ್ನುತ್ತಾನೆ. ಏಳನೆಯ ವಚನ ನೋಡಿ: ಹತ್ತು ದಿನವಾದ ಮೇಲೆ ದೇವರ ಮಾತು ಅವನಿಗೆ ಬಂತು.

ಹತ್ತು ದಿನ. ನಲವತ್ತು ವರ್ಷ ಪ್ರವಾದಿಯಾಗಿ ದುಡಿದವನು, ಪ್ರಾಣಭಯದಿಂದ ನಡುಗುತ್ತಿರುವ ಜನ ಎದುರಿಗೆ ನಿಂತಿರುವಾಗ, ಹತ್ತು ದಿನ ಉತ್ತರವಿಲ್ಲದೆ ಕೂತ. ತನ್ನ ಅನುಭವದಿಂದ ಒಂದು ಮಾತು ಹೇಳಿ ಕಳಿಸಬಹುದಿತ್ತು. ಕಳಿಸಲಿಲ್ಲ. ನಮ್ಮ ಫೋನಿನ ಬೋಧಕರು ಹತ್ತು ನಿಮಿಷ ತೆಗೆದುಕೊಂಡಿರಲಿಲ್ಲ.

ಮುಂದಿನ ಭಾಗ ಇನ್ನೂ ಕಹಿ. ಇಲ್ಲೇ ಇರಿ ಎಂಬ ಉತ್ತರ ಬಂದಾಗ ಅದೇ ಜನ, ನೀನು ಸುಳ್ಳು ಹೇಳುತ್ತೀ ಎಂದು ಪ್ರವಾದಿಯ ಮೇಲೆ ತಿರುಗಿಬೀಳುತ್ತಾರೆ. ಅವರು ಹೋಗುವುದೆಂದು ಮೊದಲೇ ನಿಶ್ಚಯಿಸಿಕೊಂಡಿದ್ದರು. ಬೇಕಾಗಿದ್ದದ್ದು ಒಂದು ಸಹಿ ಮಾತ್ರ. ಇದನ್ನು ಓದಿದ ಮೇಲೆ ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, "ನಾನು ಮನಸ್ಸಿನಲ್ಲಿ ಹೋಗ್ತೇನೆ ಅಂತಲೇ ಇದ್ದೆ" ಅಂದರು. ಗಂಡ ತಲೆಯೆತ್ತಿ ಹೆಂಡತಿಯ ಮುಖ ನೋಡಿದರು. ಮೂರು ದಿನದಲ್ಲಿ ಅವರಿಬ್ಬರ ನಡುವೆ ಆಡಿದ ಮೊದಲ ನಿಜವಾದ ಮಾತು ಅದಾಗಿತ್ತು ಎಂದು ನನಗನಿಸಿತು.

ಫ್ರಿಜ್ಜಿನ ಮೇಲಿನ ವಚನವನ್ನೂ ಅದರ ಜಾಗದಲ್ಲಿಟ್ಟು ಓದಿದೆವು. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಕಾಗದ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅನ್ನುತ್ತಾನೆ. ಜನರಿಗೆ ಅದು ಬಲು ಹಿತ. ಯೆರೆಮೀಯನ ಕಾಗದ ಎಪ್ಪತ್ತು ವರ್ಷ ಅನ್ನುತ್ತದೆ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ನೀವಿರುವ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ ಅನ್ನುತ್ತದೆ. ಹಿತದ ಯೋಚನೆ ಎಂಬ ಮಾತು ಬರುವುದು ಇದೆಲ್ಲ ಆದ ಮೇಲೆ. ಆ ಕಾಗದವನ್ನು ಕೇಳಿಸಿಕೊಂಡ ಹೆಚ್ಚಿನವರು ಎಪ್ಪತ್ತು ವರ್ಷ ಮುಗಿಯುವುದನ್ನು ನೋಡಲು ಬದುಕಿರಲಿಲ್ಲ. ಆದರೂ ಅವರಿಗೆ ನಾಳೆ ಬೆಳಿಗ್ಗೆ ಮಾಡಬೇಕಾದದ್ದು ಏನೆಂದು ತಿಳಿದಿತ್ತು. ಮಾರ್ಗದರ್ಶನ ಅಂದರೆ ಇದು ಎಂದು ನಾನು ನಂಬಿದ್ದೇನೆ. ಕೀರ್ತನೆಗಾರ ವಾಕ್ಯವನ್ನು ಕಾಲಿಗೆ ದೀಪ ಅನ್ನುತ್ತಾನೆ. ಎಣ್ಣೆಯ ದೀಪ ಹಿಡಿದು ನಡೆದವರಿಗೆ ಗೊತ್ತು, ಅದರ ಬೆಳಕು ಒಂದೆರಡು ಹೆಜ್ಜೆಗಿಂತ ದೂರ ಬೀಳುವುದಿಲ್ಲ.

ಹತ್ತು ದಿನ ನಾವು ಮಾಡಿದ್ದು

ಮರಳಿ ಹೋಗುವ ವೀಸಾ ಡಿಸೆಂಬರಿನವರೆಗೆ ಇತ್ತು. ಹಾಗಾಗಿ ಅಕ್ಟೋಬರ್ 12ರಿಂದ 21ರವರೆಗೆ ಹತ್ತು ದಿನ ತೆಗೆದುಕೊಳ್ಳೋಣ, 22ರ ಭಾನುವಾರ ಆರಾಧನೆ ಮುಗಿದ ಮೇಲೆ ಮಾತಾಡೋಣ ಎಂದು ತೀರ್ಮಾನಿಸಿದೆವು.

ಟಿವಿಯ ಯುದ್ಧ ಸುದ್ದಿ ದಿನಕ್ಕೆ ಒಂದು ಹೊತ್ತು ಮಾತ್ರ. ಪ್ರವಾದನೆಯ ಫೋನು ಕರೆಗಳಿಗೆ ಪೂರ್ತಿ ಉಪವಾಸ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಬೇಡಿಕೆಗಳನ್ನು ಒಪ್ಪಿಸುವ ಮೊದಲು ಐದು ನಿಮಿಷ ಮೌನ. ಇಷ್ಟು ನನ್ನ ಸಲಹೆ. ಮುಂದಿನದನ್ನು ನಾನು ಕಲಿತದ್ದು ಮಂಗಳೂರಿನ ಒಬ್ಬ ಹಿರಿಯ ಜೆಸ್ವಿಟ್ ಫಾದರಿಂದ. ನಾವು ಪ್ರೊಟೆಸ್ಟಂಟರು, ಅವರು ಕ್ಯಾಥೊಲಿಕರು. ಆದರೂ ಇಂಥ ಸಂಕಟದಲ್ಲಿ ನಾನು ಅವರಿಗೆ ಫೋನು ಮಾಡುವುದುಂಟು.

ಅವರ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ 1521ರಲ್ಲಿ ಪಂಪ್ಲೋನದ ಕಾಳಗದಲ್ಲಿ ಕಾಲಿಗೆ ಫಿರಂಗಿ ಗುಂಡಿನ ಏಟು ತಿಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ. ಆಗ ತನ್ನ ಮನಸ್ಸನ್ನು ತಾನೇ ಗಮನಿಸಿದ. ಶೌರ್ಯದ ಕನಸು ಕಾಣುವಾಗ ಖುಷಿ, ಆಮೇಲೆ ಬರಡು. ಕ್ರಿಸ್ತನನ್ನು ಹಿಂಬಾಲಿಸುವ ಯೋಚನೆ ಮಾಡುವಾಗಲೂ ಖುಷಿ, ಆದರೆ ಅದು ಆಮೇಲೂ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಹಿಡಿದು ನಡೆಯುವುದೇ ಅವರ ವಿವೇಚನೆಯ ಬುನಾದಿ. ಮನಸ್ಸು ಕತ್ತಲಲ್ಲಿರುವಾಗ ಹಿಂದೆ ಮಾಡಿದ ನಿರ್ಧಾರ ಬದಲಿಸಬಾರದು ಎಂಬುದೂ ಅವನ ಕಟ್ಟಳೆ. ಫಾದರ್ ಹೇಳಿದರು: "ಮೂರು ದಿನ ಹೋಗುವುದು ಖಂಡಿತ ಎಂದುಕೊಂಡು ಬದುಕಲಿ. ಮೂರು ದಿನ ಹೋಗುವುದಿಲ್ಲ ಎಂದುಕೊಂಡು ಬದುಕಲಿ. ಸಂಜೆ ಸಂಜೆ ಮನಸ್ಸು ಹೇಗಿತ್ತು ಬರೆದಿಡಲಿ. ಉಳಿದ ದಿನ ಏನೂ ಮಾಡದೆ ದೇವರ ಮುಂದೆ ಕೂರಲಿ."

ಆಕೆ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದರು. ಅದನ್ನು ನನಗೆ ತೋರಿಸಿದರು, ಅದರಿಂದ ಒಂದೆರಡು ಸಾಲು ಇಲ್ಲಿ ಕೊಡಲು ಒಪ್ಪಿದರು.

ಹೋಗುವುದು ಎಂದುಕೊಂಡ ಮೊದಲ ದಿನ: "ಬೆಳಿಗ್ಗೆ ಬ್ಯಾಗ್ ತೆಗೆದೆ. ಕೈ ನಡುಗಿತು. ಸಾವ್ತಾ ಮಾತ್ರೆ ನುಂಗುವಾಗ ಕೆಮ್ಮುವುದು ನೆನಪಾಯ್ತು." ಮೂರನೆಯ ದಿನ: "ಹೆದರಿಕೆ ಹೋಗಲಿಲ್ಲ. ಆದರೂ ಮನಸ್ಸು ಒಂದು ಕಡೆ ನಿಂತ ಹಾಗೆ." ಹೋಗುವುದಿಲ್ಲ ಎಂದುಕೊಂಡ ಮೊದಲ ದಿನ: "ಎದೆಯ ಭಾರ ಇಳಿಯಿತು. ಮಗಳಿಗೆ ಪತ್ರೊಡೆ ಮಾಡಿದೆ." ಅದರ ಮೂರನೆಯ ದಿನ: "ಸಾಲದ ಬಗ್ಗೆ ಯೋಚನೆ ಬರಲಿಲ್ಲ. ಸಾವ್ತಾ ಮೆಟ್ಟಿಲಿನಲ್ಲಿ ಕೂತಿರುವುದೇ ಕಾಣುತ್ತದೆ."

ಆ ಮೆಟ್ಟಿಲಿನ ಬಗ್ಗೆ ಕೇಳಿದೆ. ಆಗ ಆಕೆ ಹೇಳಿದ್ದು, ಅಷ್ಟು ದಿನ ಗಂಡನಿಗೂ ಹೇಳದ ಸಂಗತಿ. 2021ರ ಮೇ ತಿಂಗಳ ರಾಕೆಟ್ ದಾಳಿಯ ಹೊತ್ತಿಗೂ ಆಕೆ ಅಲ್ಲಿದ್ದರು. ಅಲ್ಲಿ ಹೊಸ ಮನೆಗಳಲ್ಲಿ ಕಾಂಕ್ರೀಟಿನ ಗಟ್ಟಿ ಕೋಣೆ ಇರುತ್ತದೆ, "ಮಾಮಾಡ್" ಅನ್ನುತ್ತಾರೆ. ಹಳೆಯ ಕಟ್ಟಡದಲ್ಲಿ ಅದಿಲ್ಲ, ನೆಲಮಾಳಿಗೆಯ ಆಶ್ರಯಕ್ಕೆ ಇಳಿಯಬೇಕು. ಟೆಲ್ ಅವೀವ್ ಸುತ್ತ ಸೈರನ್ ಕೂಗಿದ ಮೇಲೆ ಸಿಗುವ ಸಮಯ ಸುಮಾರು 90 ಸೆಕೆಂಡು. ನಡೆಯಲಾರದ ಅಜ್ಜಿಯನ್ನು ಮೂರು ಮಹಡಿ ಇಳಿಸಲು 90 ಸೆಕೆಂಡು ಎಲ್ಲಿ ಸಾಕು? ಇಬ್ಬರೂ ಎರಡನೆಯ ಮಹಡಿಯ ಮೆಟ್ಟಿಲಿನಲ್ಲಿ ತಬ್ಬಿಕೊಂಡು ಕೂತಿದ್ದರಂತೆ. ಅಜ್ಜಿ ಹೀಬ್ರೂವಿನಲ್ಲಿ, ಈಕೆ ತುಳುವಿನಲ್ಲಿ ಪ್ರಾರ್ಥನೆ ಮಾಡಿದರಂತೆ.

"ಈಗ ಅವರ ಹತ್ತಿರ ಯಾರಿದ್ದಾರೆ ಅಂತ ನೀವು ಕೇಳಿದ್ರಾ?" ಅಂದೆ. ಇಲ್ಲ. ಅಜ್ಜಿಯ ಮಗಳು ಫೋನು ಮಾಡಿದಾಗಲೆಲ್ಲ ಈಕೆ ಕೇಳಿದ್ದು ಒಂದೇ: ಅಲ್ಲಿ ಎಂತ ಆಗ್ತದೆ, ಯುದ್ಧ ಯಾವಾಗ ಮುಗಿತದೆ? ಆ ಪ್ರಶ್ನೆಗೆ ಉತ್ತರ ಯಾರಲ್ಲೂ ಇರಲಿಲ್ಲ.

ಅಕ್ಟೋಬರ್ 19

ಎಂಟನೆಯ ದಿನ ಗಾಜಾದ ಸಂತ ಪೊರ್ಫಿರಿಯಸ್ ಆರ್ಥೊಡಾಕ್ಸ್ ಇಗರ್ಜಿಯ ಆವರಣದ ಮೇಲೆ ಇಸ್ರೇಲಿನ ವೈಮಾನಿಕ ದಾಳಿಯಾಯಿತು. ಅಲ್ಲಿ ಆಶ್ರಯ ಪಡೆದಿದ್ದ ಕ್ರೈಸ್ತ ಕುಟುಂಬಗಳ ಹಲವರು ಸತ್ತರು. ಮರುದಿನ ನಮ್ಮ ಪ್ರಾರ್ಥನಾ ಕೂಟದಲ್ಲಿ ಆ ಸುದ್ದಿ ಓದಿದೆವು. ಆಕೆ ಕೂಟ ಮುಗಿದ ಮೇಲೂ ಏಳಲಿಲ್ಲ. "ದೇವರ ಮನೆಯೊಳಗೆ ಇದ್ದವರಿಗೇ ಹಾಗಾಯ್ತಲ್ಲ ಅಯ್ಯನವರೇ. ಅಲ್ಲಿ ಹೋಗಿ ದುಡಿಯುವುದೇ ತಪ್ಪಾ?"

ಆ ಪ್ರಶ್ನೆಗೆ ನಾನು ಚುಟುಕಾಗಿ ಉತ್ತರಿಸಲಿಲ್ಲ, ಇವತ್ತಿಗೂ ಉತ್ತರಿಸಲಾರೆ. ಇಸ್ರೇಲು ದೇವರ ನಾಡು, ಅಲ್ಲಿ ಕೂದಲೂ ಕೊಂಕದು ಎಂದ ಬೋಧಕರ ಮಾತು ಅಕ್ಟೋಬರ್ 7ರಂದು ಸತ್ತವರಿಗೂ ಅವಮಾನ, ಗಾಜಾದಲ್ಲಿ ಸಾಯುತ್ತಿರುವವರಿಗೂ ಅವಮಾನ ಎಂದಷ್ಟೇ ಹೇಳಿದೆ. ಕರ್ತನಾದ ಯೇಸು ಯೆರೂಸಲೇಮನ್ನು ನೋಡಿ ಅತ್ತನೆಂದು ಲೂಕನು ಬರೆದಿದ್ದಾನೆ. ಸಮಾಧಾನಕ್ಕೆ ಬೇಕಾದದ್ದು ನಿನಗೆ ತಿಳಿದಿದ್ದರೆ ಎಷ್ಟೋ ಒಳ್ಳೆಯದಿತ್ತು ಎಂದು ಅತ್ತನು. ಅವನು ಅಳುವ ಊರಿಗೆ ಹೋಗುವವರು ಅವನ ಜತೆ ಅಳಲು ಸಿದ್ಧರಿರಬೇಕು, ಗೋಡೆಯ ಎರಡೂ ಬದಿಯವರಿಗಾಗಿ. ನಡೆಯಲಾರದ ಒಬ್ಬ ಮುದುಕಿಗೆ ಅನ್ನ ತಿನ್ನಿಸುವುದು ತಪ್ಪೆಂದು ನನಗೆ ಅನಿಸುವುದಿಲ್ಲ ಎಂದೂ ಹೇಳಿದೆ.

ಅವತ್ತು ರಾತ್ರಿ ಆಕೆಯ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು: "ಎಲ್ಲಿಯೂ ಸುರಕ್ಷಿತ ಇಲ್ಲ. ಹಾಗಾದರೆ ಎಲ್ಲಿ ಇರಬೇಕು ಎಂಬುದಕ್ಕೆ ಬೇರೆ ಕಾರಣ ಬೇಕು."

ನಾನು ಓದಿದ ಎಷ್ಟೋ ದೇವಶಾಸ್ತ್ರಕ್ಕಿಂತ ಈ ಸಾಲು ನನ್ನಲ್ಲಿ ಆಳಕ್ಕೆ ಇಳಿದಿದೆ.

ಉತ್ತರ ಬಂದ ಬಗೆ

22ರ ಭಾನುವಾರ ಬಂದಾಗ ಆಕೆಯ ಬಳಿ ಹೋಗು, ಬೇಡ ಎಂಬ ಉತ್ತರ ಇರಲಿಲ್ಲ. ಬದಲಿಗೆ ಒಂದು ಪ್ರಶ್ನೆ ಇತ್ತು. ಹಿಂದಿನ ದಿನ, ಅಂದರೆ ಹತ್ತನೆಯ ದಿನ ಸಂಜೆ, ಆಕೆಯೇ ಅಜ್ಜಿಯ ಮಗಳಿಗೆ ಫೋನು ಮಾಡಿ ಕೇಳಿದ್ದರು: "ಸೈರನ್ ಆದಾಗ ಸಾವ್ತಾಳನ್ನು ಯಾರು ಇಳಿಸ್ತಾರೆ? ಮಾಮಾಡ್ ಇರುವ ಮನೆಗೆ ಅವರನ್ನು ಕರ್ಕೊಂಡು ಹೋಗ್ಲಿಕ್ಕೆ ಆಗುದಿಲ್ವಾ?" ಮಗಳ ಮನೆ ಹೊಸ ಕಟ್ಟಡ. ಅಲ್ಲಿ ಗಟ್ಟಿ ಕೋಣೆ ಇತ್ತು. ತಾಯಿ ತನ್ನ ಮನೆ ಬಿಟ್ಟು ಬರಲೊಲ್ಲರು ಎಂದು ಮಗಳು ಅಳುತ್ತ ಹೇಳಿದಳಂತೆ. ಈಕೆ ಅಜ್ಜಿಗೇ ಫೋನು ಕೊಡಿಸಿಕೊಂಡು ಅರ್ಧ ಗಂಟೆ ಮಾತಾಡಿದರು. "ನೀವು ಅಲ್ಲಿಗೆ ಹೋದರೆ ಮಾತ್ರ ನಾನು ಬರುವ ಯೋಚನೆ ಮಾಡ್ತೇನೆ" ಎಂದು ಹಟ ಹಿಡಿದರು.

ನವೆಂಬರ್ ಮೊದಲ ವಾರ ಅಜ್ಜಿ ಮಗಳ ಮನೆಗೆ ಬಂದರು. ಹಾಸಿಗೆ ಹಾಕಿದ್ದು ಮಾಮಾಡ್ ಒಳಗೇ. ಇನ್ನು ಮೂರು ಮಹಡಿ ಇಳಿಯುವುದಿಲ್ಲ, ಬಾಗಿಲು ಎಳೆದುಕೊಂಡರೆ ಆಯಿತು.

ಆ ನಂತರ ನಾವು ಐದು ಜನ ಕೂತೆವು: ಗಂಡ, ಹೆಂಡತಿ, ಅತ್ತೆ, ಸಭೆಯ ಒಬ್ಬ ಹಿರಿಯರು, ನಾನು. ಹಿರಿಯರು ಸಹಕಾರ ಸಂಘದ ಲೆಕ್ಕಪತ್ರ ಬಲ್ಲವರು. ಆಕೆ ಹೋಗದೇ ಇದ್ದರೂ ಕಂತನ್ನು ಕಡಿಮೆ ಮಾಡಿಸಿ ಅವಧಿ ಹೆಚ್ಚಿಸಿಕೊಂಡು ಮನೆ ಉಳಿಸಿಕೊಳ್ಳಬಹುದು ಎಂದು ತೋರಿಸಿಕೊಟ್ಟರು. ಇದು ಬಹಳ ಮುಖ್ಯವಾಯಿತು. ಮನೆ ಹೋಗುತ್ತದೆ ಎಂಬ ಭಯ ಕುತ್ತಿಗೆ ಹಿಡಿದಿರುವವರೆಗೆ ಯಾರೂ ಬಿಡುಗಡೆಯ ಮನಸ್ಸಿನಿಂದ ದೇವರನ್ನು ಕೇಳಲಾರರು. ಹೋಗದಿರುವುದೂ ಸಾಧ್ಯ ಎಂದಾದ ಮೇಲೆಯೇ ಹೋಗುವುದು ಅವರ ಆಯ್ಕೆಯಾಯಿತು. ಸಾಲದ ಕಾಗದ ಓದುವುದನ್ನು ಆತ್ಮಿಕ ಸೇವೆ ಎಂದು ನಮ್ಮ ಸಭೆಗಳಲ್ಲಿ ಯಾರೂ ಎಣಿಸುವುದಿಲ್ಲ. ಎಣಿಸಬೇಕು.

ಅತ್ತೆ ಆ ತನಕ ಒಂದು ಮಾತೂ ಆಡಿರಲಿಲ್ಲ. ಅವತ್ತು ಆಡಿದರು. ಅವರ ಅಜ್ಜ ಮಲ್ಪೆಯ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆಯಲ್ಲಿದ್ದವರು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಸೆರೆಯಿಟ್ಟು, ಕಾರ್ಖಾನೆಗಳನ್ನು ಮಿಶನಿನ ಕೈಯಿಂದ ತೆಗೆದುಕೊಂಡಿತು. ಕೆಲಸ ಕೊಟ್ಟವರೂ ಅವರೇ, ಬೋಧನೆ ಮಾಡಿದವರೂ ಅವರೇ. ಒಂದೇ ಏಟಿಗೆ ಎರಡೂ ಇಲ್ಲದಾಯಿತು. "ನಮ್ಮ ಅಜ್ಜ ಹೇಳ್ತಿದ್ರು, ಸಾಹೇಬರು ಹೋದ ಮೇಲೆಯೇ ನಾವು ಪ್ರಾರ್ಥನೆ ಮಾಡ್ಲಿಕ್ಕೆ ಕಲಿತದ್ದು ಅಂತ. ನೀನು ಹೋಗುವುದಾದ್ರೆ ಹೋಗು ಮಗಾ. ಮಕ್ಕಳನ್ನು ನಾನು ನೋಡ್ತೇನೆ."

ಗಂಡ ಒಪ್ಪಿದರು ಅನ್ನಲಾರೆ. "ನನಗೆ ಹೆದರಿಕೆ ಉಂಟು, ಹೆದರಿಕೆ ಇಟ್ಕೊಂಡೇ ಕಳಿಸ್ತೇನೆ" ಅಂದರು. ಇಗ್ನೇಷಿಯಸ್ ಹೇಳುವ ಸಮಾಧಾನ ಇವರ ಪಾಲಿಗೆ ಬರಲೇ ಇಲ್ಲ. ಬರಲೇಬೇಕು ಎಂದು ನಾನೂ ಒತ್ತಾಯಿಸಲಿಲ್ಲ. ಡಿಸೆಂಬರ್ ಎರಡನೆಯ ವಾರ, ದುಬೈ ಮೂಲಕ, ಆಕೆ ಹೋದರು.

ನನ್ನ ತಪ್ಪು

ಐದು ಜನ ಕೂತೆವು ಅಂದೆನಲ್ಲ. ಆರನೆಯವನು ಒಳಕೋಣೆಯಲ್ಲಿದ್ದ. ತನ್ನ ದೃಢೀಕರಣಕ್ಕೆಂದು ತಾಯಿ ಬಂದದ್ದು, ತಾನಿಲ್ಲದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ ಎಂದು ಆ ಹುಡುಗ ಲೆಕ್ಕ ಹಾಕಿಕೊಂಡಿದ್ದ. ನಾನು ಅವನಿಗೆ ದೃಢೀಕರಣದ ಪಾಠ ಹೇಳಿದವನು. ಇನ್ನು ಮೇಲೆ ನೀನು ಸಭೆಯ ಪೂರ್ಣ ಸದಸ್ಯ, ನಿನ್ನ ವಿಶ್ವಾಸಕ್ಕೆ ನೀನೇ ಉತ್ತರವಾದಿ ಎಂದು ಆರಾಧನೆಯಲ್ಲಿ ಎಲ್ಲರೆದುರು ಹೇಳಿದವನು. ಕೆಲವೇ ವಾರಗಳಲ್ಲಿ ಅವನ ಮನೆಯ ಅತಿ ದೊಡ್ಡ ನಿರ್ಧಾರದ ಹೊತ್ತಿಗೆ ಅವನನ್ನು ಮಗುವೆಂದು ಹೊರಗಿಟ್ಟೆ. ಹತ್ತು ದಿನದಲ್ಲಿ ಒಮ್ಮೆಯೂ ಅವನಲ್ಲಿ "ನಿನಗೆ ಏನನಿಸುತ್ತದೆ?" ಎಂದು ಕೇಳಲಿಲ್ಲ.

ತಾಯಿ ಹೋದ ಮೇಲೆ ಅವನು ಆರಾಧನೆಗೆ ಬರುವುದನ್ನು ನಿಲ್ಲಿಸಿದ. ಕ್ರಿಸ್ಮಸಿನ ಕ್ಯಾರಲ್ ತಂಡಕ್ಕೂ ಬರಲಿಲ್ಲ. ಹುಡುಗಾಟಿಕೆ ಎಂದುಕೊಂಡೆ. 2024ರ ಏಪ್ರಿಲಿನಲ್ಲಿ ಇರಾನ್ ಮೊದಲ ಬಾರಿ ನೇರವಾಗಿ ಇಸ್ರೇಲಿನ ಮೇಲೆ ಡ್ರೋನು, ಕ್ಷಿಪಣಿ ಹಾರಿಸಿದ ಮರುದಿನ ಅವರ ಮನೆಗೆ ಹೋದಾಗ ಅವನು ನನ್ನ ಮುಖ ನೋಡಿ ಹೇಳಿದ: "ನೀವೆಲ್ಲ ಸೇರಿ ಕಳಿಸಿದ್ರಿ. ನನ್ನನ್ನು ಕೇಳಿದ್ರಾ?"

ಕೇಳಿರಲಿಲ್ಲ. ಅವನ ಮುಂದೆ ಕೂತು ಕ್ಷಮೆ ಕೇಳಿದೆ. ಅವನು ಕ್ಷಮಿಸಿದೆ ಅನ್ನಲಿಲ್ಲ. ಅಂದಿನಿಂದ ತಿಂಗಳಿಗೊಮ್ಮೆ ಅವನ ಜತೆ ಮಲ್ಪೆ ಬಂದರಿನ ಕಡೆ ನಡೆದುಕೊಂಡು ಹೋಗುತ್ತಿದ್ದೆ. ಹೆಚ್ಚಾಗಿ ಅವನು ಕ್ರಿಕೆಟ್ ಮಾತಾಡುತ್ತಿದ್ದ. ನಾನು ಕೇಳಿಸಿಕೊಳ್ಳುತ್ತಿದ್ದೆ. ಇಂಥ ಪ್ರಕರಣ ಇನ್ನೊಮ್ಮೆ ನನ್ನ ಮುಂದೆ ಬಂದರೆ ಮೊದಲ ಸಂಜೆಯೇ ಕೇಳುವ ಪ್ರಶ್ನೆ: ಈ ನಿರ್ಧಾರವನ್ನು ಹೊರಬೇಕಾದವರಲ್ಲಿ ಈ ಜಗಲಿಗೆ ಬಾರದವರು ಯಾರು?

ಹಾಗೆ ನೋಡಿದರೆ ಆಕೆ ಹೋದದ್ದು ಸರಿಯೋ ಎಂದು ಸಹೋದ್ಯೋಗಿಗಳು ನನ್ನನ್ನು ಕೇಳುತ್ತಾರೆ. ಏನೂ ಆಗದೆ ಇದ್ದುದರಿಂದ ಸರಿ ಎಂದರೆ, ಏನಾದರೂ ಆಗಿದ್ದರೆ ತಪ್ಪು ಎಂದ ಹಾಗಾಯಿತು. ಗಾಜಾದ ಇಗರ್ಜಿಯಲ್ಲಿ ಸತ್ತವರು ದೇವರ ಚಿತ್ತ ತಪ್ಪಿದವರಲ್ಲ. ಆಕೆ ಪ್ರಾಮಾಣಿಕವಾಗಿ ಕೇಳಿದರು, ಕಾದರು, ಜತೆಯವರ ಮುಂದಿಟ್ಟು ಪರೀಕ್ಷಿಸಿದರು, ಪ್ರೀತಿ ಎಳೆದ ಕಡೆಗೆ ಹೆಜ್ಜೆ ಇಟ್ಟರು. ಇಷ್ಟಕ್ಕೆ ನಾನು ಸಾಕ್ಷಿ.

2025ರ ಮೇ ತಿಂಗಳಲ್ಲಿ 63 ತಿಂಗಳು ಮುಗಿಯಿತು. ಅದೇ ಅಜ್ಜಿಯ ಜತೆಗಿದ್ದುದರಿಂದ ವೀಸಾ ಮುಂದುವರಿಯಿತು. ಸಾಲ ಅಷ್ಟರಲ್ಲಿ ಒಂದು ಲಕ್ಷಕ್ಕೆ ಇಳಿದಿತ್ತು. ಜೂನ್ 13ರಂದು ಇಸ್ರೇಲ್ ಮತ್ತು ಇರಾನ್ ನಡುವೆ ಯುದ್ಧ ಶುರುವಾಗಿ ಹನ್ನೆರಡು ದಿನ ನಡೆಯಿತು. ಆ ವಾರದ ಕುಟುಂಬ ಪ್ರಾರ್ಥನಾ ಕೂಟ ಅವರ ಮನೆಯಲ್ಲೇ ಇತ್ತು. ಹೊರಗೆ ಆಷಾಢಕ್ಕೆ ಮೊದಲೇ ಕವುಚಿದ ಮಳೆ. ಗಂಡ ಬಾಗಿಲ ಬಳಿ ನಿಂತೇ ಇದ್ದರು, ಕೂರಲಿಲ್ಲ. ಕೀರ್ತನೆ 121 ಓದುತ್ತಿರುವಾಗ ಒಳಕೋಣೆಯಿಂದ ಹುಡುಗ ಫೋನು ಹಿಡಿದು ಬಂದ. ಹದಿನೇಳು ತುಂಬಿತ್ತು ಅವನಿಗೆ. ಯಾರನ್ನೂ ಕೇಳದೆ ಸ್ಪೀಕರ್ ಒತ್ತಿ ಫೋನನ್ನು ನಡುವೆ ಇಟ್ಟ, ತನ್ನ ಅಜ್ಜಿಯ ಪಕ್ಕ ನೆಲದ ಮೇಲೆ ಕೂತ.

ಆ ಕಡೆ ಸೈರನ್ನಿನ ಸದ್ದು, ಕಬ್ಬಿಣದ ಬಾಗಿಲು ಮುಚ್ಚುವ ಸದ್ದು. ಓದುತ್ತಿದ್ದವರು ನಿಲ್ಲಿಸಿದರು. "ನಿಲ್ಲಿಸ್ಬೇಡಿ, ಓದಿ" ಅಂದ ಹುಡುಗ. ಅವರು ಮತ್ತೆ ಮೊದಲಿನಿಂದ ಓದಿದರು. ಮುಗಿಯುವ ಹೊತ್ತಿಗೆ ಅಲ್ಲಿಯೂ ಸದ್ದಡಗಿತ್ತು. ಆಕೆಯ ದನಿ ಬಂತು. "ಆಯ್ತು, ಮುಗೀತು. ಸಾವ್ತಾಗೆ ಎಂಟು ಗಂಟೆಯ ಮಾತ್ರೆ ಕೊಡ್ಬೇಕು, ಇಡ್ತೇನೆ. ಮಗಾ, ಊಟ ಆಯ್ತಾ?"